ದೋಣಿಯ ಯಂತ್ರಕ್ಕೆ ಬರುವ ಜ್ವರ

ಸೀತಾನದಿಗೆ ಎರಡು ರುಚಿಗಳುಂಟು. ಘಟ್ಟದ ಕಾಡುಗಳಿಂದಿಳಿದು, ಹೆಬ್ರಿಯ ಸೀಮೆಯನ್ನು ಹಾಯ್ದು ಕೊಕ್ಕರ್ಣೆಯ ಬಳಿಗೆ ಬರುವಾಗ ಅದು ಸಿಹಿನೀರಿನ ಹೊಳೆ. ಗದ್ದೆಗೂ ತೋಟಕ್ಕೂ ಬೇಕಾದ ನೀರು. ಅಲ್ಲಿಂದ ಪಡುವಣಕ್ಕೆ ಸಾಗಿ ಬಾರಕೂರು, ಮಾಬುಕಳಗಳ ದಾರಿಯಾಗಿ ಹಂಗಾರಕಟ್ಟೆಯನ್ನು ಮುಟ್ಟುವಷ್ಟರಲ್ಲಿ ಕಡಲಿನ ಉಬ್ಬರ ಅದರೊಳಗೆ ಬೆರೆತು ನೀರು ಉಪ್ಪಾಗಿರುತ್ತದೆ. ಕೋಡಿಬೆಂಗ್ರೆಯ ಅಳಿವೆಯಲ್ಲಿ ಸುವರ್ಣೆಯೊಡಗೂಡಿ ಅದು ಸಮುದ್ರವಾಗಿಬಿಡುತ್ತದೆ. ಈ ಎರಡು ರುಚಿಗಳ ಭೇದವನ್ನು ಮನುಷ್ಯನ ನಾಲಗೆ ತಿಳಿಯುತ್ತದೆ, ಭತ್ತದ ಬೇರು ತಿಳಿಯುತ್ತದೆ. ಇವುಗಳಷ್ಟೇ ಸೂಕ್ಷ್ಮವಾಗಿ ಅದನ್ನು ತಿಳಿಯುವ ಇನ್ನೊಂದು ವಸ್ತು ನಮ್ಮ ಕರಾವಳಿಯಲ್ಲಿದೆ. ಅದು ನಾಡದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಎಂಜಿನು.

ಸಾಹಿತ್ಯದ ಪುಟದಲ್ಲಿ ಎಂಜಿನಿನ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಕಡಲಂಚಿನಲ್ಲಿ ಸಾವಿರಾರು ಮನೆಗಳ ಅನ್ನ ಈ ಸಣ್ಣ ಯಂತ್ರವನ್ನು ನೆಚ್ಚಿಕೊಂಡಿದೆ. ಅಷ್ಟೇ ಅಲ್ಲದೆ, ಮಳೆಗಾಲದ ಅಳಿವೆಯ ಬಾಯಲ್ಲಿ ಅದು ನಿಂತಿತೆಂದರೆ ಅನ್ನದೊಡನೆ ಪ್ರಾಣವೂ ತೂಗಿನಿಲ್ಲುತ್ತದೆ. ನಮ್ಮ ಕಾಲೇಜುಗಳ ಬೆಂಚುಗಳಲ್ಲಿ ಕುಳಿತು ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳುವ ಎಷ್ಟೋ ಹುಡುಗರ ತಂದೆಯರು ಬೆಳಗಿನ ಜಾವದಲ್ಲಿ ಇದೇ ಯಂತ್ರದ ಹಗ್ಗವನ್ನೆಳೆದು ಕಡಲಿಗೆ ಹೋಗುತ್ತಾರೆ. ಆದುದರಿಂದ ಈ ಯಂತ್ರಕ್ಕೆ ಜ್ವರವೇಕೆ ಬರುತ್ತದೆ, ಬಂದಾಗ ಏನು ಮಾಡತಕ್ಕದ್ದು ಎಂಬುದನ್ನು ಕನ್ನಡದಲ್ಲಿ ಬರೆದಿಡುವುದು ಅಕ್ಷರ ಬಲ್ಲವರ ಕರ್ತವ್ಯಗಳಲ್ಲಿ ಒಂದೆಂದು ನನ್ನ ಭಾವನೆ.

ಯಂತ್ರ ಬಂದ ಬಗೆ

ದೋಣಿಯ ಬೆನ್ನಿಗೆ ಬಿಗಿಯಬಹುದಾದ ಯಂತ್ರವನ್ನು ಲೋಕದ ಬಳಕೆಗೆ ತಂದವರಲ್ಲಿ ಓಲೆ ಎವಿನ್‌ರೂಡ್ ಎಂಬಾತನ ಹೆಸರು ದೊಡ್ಡದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯ ಮಿಲ್ವಾಕಿಯಲ್ಲಿ ನೆಲೆಸಿದ ಈತನ ಯಂತ್ರ 1909ರಲ್ಲಿ ಮಾರುಕಟ್ಟೆಗೆ ಬಂದಿತು. ತಾನು ಮೆಚ್ಚಿದ ಹೆಣ್ಣಿಗಾಗಿ ಬೇಸಗೆಯ ಬಿಸಿಲಿನಲ್ಲಿ ಸರೋವರದಾಚೆಯಿಂದ ಐಸ್‌ಕ್ರೀಮು ತರಲು ಹೋಗಿ, ಹುಟ್ಟುಹಾಕಿ ಮರಳುವಷ್ಟರಲ್ಲಿ ಅದು ಕರಗಿಹೋದದ್ದೇ ಈ ಶೋಧಕ್ಕೆ ಪ್ರೇರಣೆಯಾಯಿತೆಂದು ಕಥೆ ಹೇಳುವುದುಂಟು. ಆತನ ಹೆಸರಿನ ಯಂತ್ರಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಜಪಾನಿನ ಕಂಪೆನಿಗಳು ಏಷ್ಯ, ಆಫ್ರಿಕಗಳ ಮೀನುಗಾರರ ದೋಣಿಗಳನ್ನು ಗೆದ್ದುಕೊಂಡಾಗಿದ್ದಿತು. ಯಮಾಹ ಕಂಪೆನಿಯ ಮೊದಲ ಔಟ್‌ಬೋರ್ಡ್ ಹೊರಬಂದುದು 1960ರಲ್ಲಿ.

ನಮ್ಮ ಕರಾವಳಿಯಲ್ಲಿ ಬಹುಕಾಲ ಹುಟ್ಟು ಮತ್ತು ಹಾಯಿಗಳದೇ ಆಳ್ವಿಕೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ಮಧ್ಯದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಮೀನನ್ನು ಅರಸಿ ದೂರ ಹೋಗಬೇಕಾಗಿ ಬಂದಾಗ ನಾಡದೋಣಿಯವನಿಗೂ ಯಂತ್ರ ಬೇಕಾಯಿತು. 1980ರ ದಶಕದಲ್ಲಿ ಔಟ್‌ಬೋರ್ಡ್ ಎಂಜಿನು ಅವನ ದೋಣಿಯ ಬೆನ್ನೇರಿತು. ಈಗ ಜೂನ್ 1ರಿಂದ ಜುಲೈ 31ರ ವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ, 10 ಅಶ್ವಶಕ್ತಿಯ ವರೆಗಿನ ಯಂತ್ರವುಳ್ಳ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯಲು ಅವಕಾಶ. ಎಂದರೆ, ಕಡಲು ಅತ್ಯಂತ ಮುನಿದಿರುವ ಕಾಲವೇ ಅತ್ಯಂತ ಸಣ್ಣ ಯಂತ್ರದ ಸುಗ್ಗಿಯ ಕಾಲ. ಅದೇ ಕಾಲದಲ್ಲಿ ಹೊಳೆಗಳು ಕೆಂಪಾಗಿ, ಮಣ್ಣು, ಮರಳು, ಎಲೆ, ಪ್ಲಾಸ್ಟಿಕ್ಕುಗಳನ್ನು ಹೊತ್ತು ಅಳಿವೆಗೆ ಬರುತ್ತವೆ. ಯಂತ್ರದ ಜ್ವರಕ್ಕೆ ಇದಕ್ಕಿಂತ ಅನುಕೂಲವಾದ ಋತು ಬೇರೆ ಬೇಕಿಲ್ಲ.

ಯಂತ್ರ ಕುಡಿಯುವ ನೀರು

ಎಂಜಿನು ಬಿಸಿಯಾಗುವುದು ಅದರ ದೋಷವಲ್ಲ, ಧರ್ಮ. ನಾವು ಹಾಕಿದ ಎಣ್ಣೆಯ ಶಕ್ತಿಯಲ್ಲಿ ದೋಣಿಯನ್ನು ಮುಂದಕ್ಕೆ ತಳ್ಳುವುದಕ್ಕೆ ಒದಗುವುದು, ಸ್ಥೂಲವಾಗಿ ಹೇಳುವುದಾದರೆ, ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಲ್ಲ. ಉಳಿದುದು ಶಾಖವಾಗಿ ಹೊಗೆಯೊಡನೆಯೂ ಲೋಹದ ಮೈಯ ಮೂಲಕವೂ ಹೊರಗೆ ಹೋಗಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸನ್ನೂ ಮೀರಬಲ್ಲುದು. ಪಿಸ್ಟನ್ನಿನ ಮೂಲದ್ರವ್ಯವಾದ ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿ ಕರಗುತ್ತದೆ. ಬೆಂಕಿಯ ನಡುವೆ ಮೇಣದ ಗೊಂಬೆಯನ್ನು ಕುಣಿಸಿದಂತೆ ಇದು. ಮೇಣ ಕರಗದಿರುವುದು ನೀರಿನ ಕೃಪೆಯಿಂದ.

ಲಾರಿಗೂ ಕಾರಿಗೂ ರೇಡಿಯೇಟರಿದೆ. ಅವು ತಮ್ಮ ನೀರನ್ನು ತಾವೇ ಹೊತ್ತು ತಿರುಗುತ್ತವೆ. ದೋಣಿಯ ಎಂಜಿನು ತಾನು ತೇಲುವ ನೀರನ್ನೇ ಕುಡಿದು ತಂಪಾಗುತ್ತದೆ. ಪ್ರೊಪೆಲ್ಲರಿನ, ಅಂದರೆ ಕರಾವಳಿಯವರ ಮಾತಿನ ಫ್ಯಾನಿನ, ಸ್ವಲ್ಪ ಮೇಲೆ ಸಣ್ಣ ಜಾಲರಿಯಿರುತ್ತದೆ. ನೀರು ಒಳಗೆ ಹೋಗುವುದು ಅಲ್ಲಿಂದ. ಅದರ ಮೇಲೆ ರಬ್ಬರಿನ ಎಸಳುಗಳುಳ್ಳ ಇಂಪೆಲ್ಲರ್ ಎಂಬ ಪುಟ್ಟ ಚಕ್ರ, ಎಂಜಿನಿನಿಂದ ಕೆಳಗಿಳಿದ ದಂಡದೊಡನೆ ತಿರುಗುತ್ತ ನೀರನ್ನು ನಳಿಗೆಯಲ್ಲಿ ಮೇಲಕ್ಕೆ ನೂಕುತ್ತದೆ. ನೀರು ಸಿಲಿಂಡರಿನ ಸುತ್ತಲಿನ ಓಣಿಗಳಲ್ಲಿ ಹರಿದು, ಶಾಖವನ್ನು ಹೊತ್ತುಕೊಂಡು, ಹೊಗೆಯ ದಾರಿಯಲ್ಲಿ ಕೆಳಗಿಳಿದು ಮತ್ತೆ ಹೊಳೆಯನ್ನೋ ಕಡಲನ್ನೋ ಸೇರುತ್ತದೆ. ಅದರಲ್ಲೊಂದು ಅಂಶ ಮಾತ್ರ ಎಂಜಿನಿನ ಪಕ್ಕದ ಸಣ್ಣ ರಂಧ್ರದಿಂದ ಬೆರಳುಗಾತ್ರಕ್ಕೂ ಕಡಮೆಯಾದ ಧಾರೆಯಾಗಿ ಹೊರಗೆ ಚಿಮ್ಮುತ್ತದೆ.

ಈ ಧಾರೆಯೇ ಯಂತ್ರದ ನಾಡಿ. ಬಲ್ಲವನು ಎಂಜಿನನ್ನು ಚಾಲೂ ಮಾಡಿದೊಡನೆ ಮೊದಲು ತಿರುಗಿ ನೋಡುವುದು ಇದನ್ನೇ. ಧಾರೆ ದಪ್ಪವಾಗಿ, ನೇರವಾಗಿ, ಮುಟ್ಟಿದರೆ ಬೆಚ್ಚಗಿದ್ದರೆ ಆರೋಗ್ಯ. ತೆಳುವಾಗಿ ತೊಟ್ಟಿಕ್ಕಿದರೆ ಅಸ್ವಸ್ಥತೆ. ಆವಿಯಾಗಿ ಉಗುಳಿದರೆ ಅಪಾಯ. ಇದರೊಡನೆ ಬೇರೆ ಲಕ್ಷಣಗಳೂ ಕೂಡಿಬರುತ್ತವೆ: ಸುಟ್ಟ ಬಣ್ಣದ ಅಥವಾ ರಬ್ಬರಿನ ವಾಸನೆ, ಸಿಲಿಂಡರಿನೊಳಗಿನ ಕಟಕಟ ಸದ್ದು, ಕಾರಣವಿಲ್ಲದೆ ಕುಂದುವ ವೇಗ. ಇಷ್ಟಾದ ಮೇಲೂ ಓಡಿಸಿದರೆ ಪಿಸ್ಟನು ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಗ ಹಗ್ಗವನ್ನೆಷ್ಟು ಎಳೆದರೂ ಎಂಜಿನು ಮಿಸುಕದು. ಸಾಲ ಮಾಡಿ ತಂದ ಯಂತ್ರ ಹೀಗೆ ಕೆಲವೇ ನಿಮಿಷಗಳಲ್ಲಿ ಕಬ್ಬಿಣದ ಗಂಟಾಗುತ್ತದೆ.

ನಿದಾನ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮೊದಲು ನಿದಾನ. ಯಂತ್ರದ ವಿಷಯದಲ್ಲಿಯೂ ಸುಲಭದಿಂದ ಕಠಿನದ ಕಡೆಗೆ, ಹೊರಗಿನಿಂದ ಒಳಗಿನ ಕಡೆಗೆ ಹೋಗುವುದೇ ವಿವೇಕ. ಸ್ಪ್ಯಾನರು ಹಿಡಿದೊಡನೆ ಎಂಜಿನಿನ ತಲೆಯನ್ನು ಬಿಚ್ಚಲು ಹೊರಡುವವನು ಕೆಮ್ಮಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಂತೆ.

ಮೊದಲನೆಯದಾಗಿ ಜಾಲರಿಯನ್ನು ನೋಡಬೇಕು. ಒಂದು ತುಂಡು ಪ್ಲಾಸ್ಟಿಕ್ ಚೀಲ, ಒಂದು ಹಿಡಿ ಪಾಚಿ, ಹರಿದ ಬಲೆಯ ಚೂರು ಇವುಗಳಲ್ಲಿ ಯಾವುದೊಂದು ಅಂಟಿಕೊಂಡರೂ ಯಂತ್ರಕ್ಕೆ ನೀರು ತಪ್ಪುತ್ತದೆ. ಎಂಜಿನನ್ನು ನಿಲ್ಲಿಸಿ, ಮೇಲಕ್ಕೆ ಬಾಗಿಸಿ, ಕೈಯಿಂದ ತೆಗೆದರೆ ಮುಗಿಯಿತು. ಹಿಂದಕ್ಕೆ ಓಡಿಸುವ ಗೇರು ಇರುವ ಎಂಜಿನಾದರೆ, ಕೆಲವು ಕ್ಷಣ ಹಿಂದಕ್ಕೆ ನಡೆಸಿದಾಗ ಚೀಲ ತಾನಾಗಿ ಕಳಚಿ ಹೋಗುವುದೂ ಉಂಟು. ತಿರುಗುತ್ತಿರುವ ಫ್ಯಾನಿನ ಹತ್ತಿರ ಕೈಯೊಡ್ಡುವುದು ಮಾತ್ರ ಎಂದಿಗೂ ಕೂಡದು.

ಎರಡನೆಯದಾಗಿ, ಧಾರೆ ಬರುವ ರಂಧ್ರವೇ ಮುಚ್ಚಿದೆಯೇ ಎಂದು ನೋಡಬೇಕು. ಮರಳಿನ ಕಣವೋ ಉಪ್ಪಿನ ಹರಳೋ ಅಲ್ಲಿ ಸಿಕ್ಕಿಕೊಂಡರೆ ಒಳಗೆ ನೀರು ಚೆನ್ನಾಗಿ ಹರಿಯುತ್ತಿದ್ದರೂ ಹೊರಗೆ ಧಾರೆ ಕಾಣದು. ದಪ್ಪ ನೈಲಾನ್ ದಾರದ ತುದಿಯನ್ನು ರಂಧ್ರದೊಳಕ್ಕೆ ತೂರಿಸಿ ಆಡಿಸಿದರೆ ತಡೆ ಕಳಚುತ್ತದೆ. ನಾಡಿ ಸಿಗಲಿಲ್ಲವೆಂದ ಮಾತ್ರಕ್ಕೆ ರೋಗಿ ಸತ್ತನೆಂದು ತೀರ್ಮಾನಿಸಬಾರದಷ್ಟೆ.

ಮೂರನೆಯದು ಎಂಜಿನನ್ನು ಕೂರಿಸಿದ ಎತ್ತರ. ಫ್ಯಾನಿನ ಮೇಲುಗಡೆ ಅಡ್ಡವಾಗಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಹೆಚ್ಚುಕಡಮೆ ಸರಿಯಾಗಿರಬೇಕೆಂಬುದು ಸಾಮಾನ್ಯ ನಿಯಮ. ಅದಕ್ಕಿಂತ ತೀರ ಮೇಲಿದ್ದರೆ ದೋಣಿ ಅಲೆಯ ಮೇಲೆ ಕುಪ್ಪಳಿಸಿದಾಗಲೆಲ್ಲ ಜಾಲರಿ ನೀರಿನಿಂದ ಹೊರಬಿದ್ದು ಗಾಳಿಯನ್ನು ಹೀರುತ್ತದೆ. ಶಾಂತವಾದ ಹೊಳೆಯಲ್ಲಿ ಆರೋಗ್ಯವಾಗಿದ್ದ ಎಂಜಿನು ಕಡಲಿಗೆ ಹೋದೊಡನೆ ಬಿಸಿಯೇರುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲ ಸರಿಯಿದ್ದೂ ಧಾರೆ ಸೊರಗಿದ್ದರೆ ಸಂದೇಹ ಇಂಪೆಲ್ಲರಿನ ಮೇಲೆ. ರಬ್ಬರಿನ ಎಸಳುಗಳು ತಮ್ಮ ಗೂಡಿನೊಳಗೆ ಸದಾ ಬಾಗಿಯೇ ಇರುತ್ತವೆ. ಬಹುಕಾಲ ಕಳೆದರೆ ಬಾಗಿದಂತೆಯೇ ಸೆಟೆದುಕೊಂಡು ನೀರನ್ನು ನೂಕುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಮಳೆಗಾಲದ ಕೆಂಪುನೀರಿನ ಮರಳು ಎಸಳುಗಳನ್ನೂ ಗೂಡಿನ ಗೋಡೆಯನ್ನೂ ಉಜ್ಜುಗಾಗದದಂತೆ ತಿಕ್ಕುತ್ತದೆ. ನೀರಿಲ್ಲದೆ ದಡದ ಮೇಲೆ ಎಂಜಿನನ್ನು ಪರೀಕ್ಷೆಗೆಂದು ಓಡಿಸುವ ಅಭ್ಯಾಸವಂತೂ ಇಂಪೆಲ್ಲರಿಗೆ ಮೃತ್ಯು. ನೀರೇ ಅದರ ಜಾರುವ ಎಣ್ಣೆಯಾದುದರಿಂದ, ಒಣಗಿ ತಿರುಗಿದ ರಬ್ಬರು ಅಲ್ಪಕಾಲದಲ್ಲಿಯೇ ಸುಡುತ್ತದೆ. ವರ್ಷಕ್ಕೊಮ್ಮೆ, ನಮ್ಮವರ ಮಟ್ಟಿಗೆ ಜೂನಿಗೆ ಮೊದಲು, ಇದನ್ನು ಬಿಚ್ಚಿ ನೋಡಿ ಸವೆದಿದ್ದರೆ ಹೊಸದನ್ನು ಹಾಕುವುದು ಲೇಸು. ಹಾಕುವಾಗ ಎರಡು ಎಚ್ಚರಿಕೆಗಳು ಬೇಕು. ದಂಡಕ್ಕೂ ಚಕ್ರಕ್ಕೂ ನಡುವೆ ಇರುವ ಸಣ್ಣ ಲೋಹದ ಬೆಣೆ ತನ್ನ ಸ್ಥಾನದಲ್ಲಿರಬೇಕು. ಅದು ಜಾರಿದರೆ ದಂಡ ತಿರುಗಿದರೂ ಚಕ್ರ ನಿಂತೇ ಇರುತ್ತದೆ. ಹಳೆಯ ಇಂಪೆಲ್ಲರಿನ ಎಸಳು ಮುರಿದಿದ್ದರೆ ಮುರಿದ ತುಂಡುಗಳನ್ನೆಲ್ಲ ಹುಡುಕಿ ತೆಗೆಯಬೇಕು. ಉಳಿದ ತುಂಡು ನಳಿಗೆಯನ್ನೇರಿ ಹೊಸ ರೋಗಕ್ಕೆ ಬೀಜವಾಗುತ್ತದೆ.

ನಿಧಾನವಾಗಿ ಓಡಿಸುವಾಗ ಬಿಸಿಯೇರಿ ವೇಗದಲ್ಲಿ ತಂಪಾಗುವ ಎಂಜಿನಿನಲ್ಲಿ ಸಾಮಾನ್ಯವಾಗಿ ಇಂಪೆಲ್ಲರ್ ಸವೆದಿರುತ್ತದೆ. ನಿಧಾನದಲ್ಲಿ ನೆಟ್ಟಗಿದ್ದು ವೇಗದಲ್ಲಿ ಮಾತ್ರ ಬಿಸಿಯೇರಿದರೆ ಜಾಲರಿಯ ಅರೆತಡೆಯನ್ನೋ ಎಂಜಿನಿನ ಎತ್ತರವನ್ನೋ ಶಂಕಿಸಬೇಕು. ಧಾರೆ ತುಂಬಿ ಬರುತ್ತಿದ್ದೂ ಎಂಜಿನಿನ ತಲೆ ಕಾಯುತ್ತಿದ್ದರೆ ಆಗ ದೃಷ್ಟಿ ಒಳಗಿನ ಓಣಿಗಳ ಕಡೆಗೆ ಹರಿಯಬೇಕು.

ಉಪ್ಪಿನ ಋಣ

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮು ಉಪ್ಪು ಕರಗಿದೆ. ಎಂಜಿನು ನಿಂತ ಮೇಲೆ ಒಳಗುಳಿದ ನೀರು ಆ ಶಾಖಕ್ಕೆ ಆರಿಹೋಗಿ ಉಪ್ಪನ್ನು ಬಿಟ್ಟುಹೋಗುತ್ತದೆ. ಅತಿಯಾಗಿ ಕಾದಾಗ ನೀರಿನ ಸುಣ್ಣದ ಅಂಶವೂ ಕಲ್ಲಿನಂತೆ ಗೋಡೆಗೆ ಹತ್ತುತ್ತದೆ. ದಿನಕ್ಕೊಂದು ತೆಳುಪದರದಂತೆ ಕೂಡಿಕೊಂಡು ಓಣಿಗಳು ಕಿರಿದಾಗುತ್ತವೆ. ಓಣಿ ಕಿರಿದಾದಷ್ಟೂ ಶಾಖ ಹೆಚ್ಚು. ಶಾಖ ಹೆಚ್ಚಾದಷ್ಟೂ ಪದರ ದಪ್ಪ. ಬಡ್ಡಿಗೆ ಬಡ್ಡಿ ಬೆಳೆಯುವ ಸಾಲದಂತೆ ಈ ಉಪ್ಪು.

ಈ ಸಾಲವನ್ನು ದಿನದಿನವೂ ತೀರಿಸುವ ಉಪಾಯ ಅತಿ ಸರಳವಾದುದು. ಕಡಲಿನಿಂದ ಬಂದ ಮೇಲೆ ಎಂಜಿನನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ, ಜಾಲರಿ ಪೂರ್ಣವಾಗಿ ಮುಳುಗುವಂತೆ ಇಳಿಸಿ, ಬಯಲಿನಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಿಸುವುದು. ಮುಚ್ಚಿದ ಕೊಟ್ಟಿಗೆಯಲ್ಲಿ ಓಡಿಸಿದರೆ ಅದರ ಹೊಗೆ ವಿಷವಾಗುತ್ತದೆಂಬುದನ್ನು ಮರೆಯಬಾರದು. ಕೊಕ್ಕರ್ಣೆಯ ಹೊಳೆಯಲ್ಲಿ ಬಿಟ್ಟಿಯಾಗಿ ಹರಿಯುವ ನೀರು ಹಂಗಾರಕಟ್ಟೆಯಲ್ಲಿ ಔಷಧಿಯಾಗುವ ಪರಿ ಇದು. ಬೇಸಗೆಯಲ್ಲಿ ಉಪ್ಪು ಮೇಲೇರದಂತೆ ಹೊಳೆಗಳ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವ ನಮ್ಮ ರೈತ ಗದ್ದೆಗೆ ಮಾಡುವ ಉಪಕಾರವನ್ನೇ ಮೀನುಗಾರ ತನ್ನ ಯಂತ್ರಕ್ಕೆ ಮಾಡಬೇಕಾಗಿದೆ. ಕಡಲಂಚಿನ ಮನೆಯ ಬಾವಿಯೇ ಉಪ್ಪಾಗುವ ಬೇಸಗೆಯಲ್ಲಿ ಒಂದು ಡ್ರಮ್ಮು ಸಿಹಿನೀರು ಸಣ್ಣ ವೆಚ್ಚವಲ್ಲ. ಕುಡಿಯುವುದಕ್ಕೆ ತಂದ ನೀರನ್ನು ಎಂಜಿನಿಗೆ ಹೇಗೆ ಸುರಿಯೋಣವೆಂದು ಮನೆಯವರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಬಂದರುಗಳಲ್ಲಿ ಡೀಸೆಲ್ಲಿಗೂ ಮಂಜುಗಡ್ಡೆಗೂ ಸಿಕ್ಕಿದ ಸ್ಥಾನ ಯಂತ್ರ ತೊಳೆಯುವ ಸಿಹಿನೀರಿಗೂ ಸಿಗಬೇಕು.

ಓಣಿಗಳ ಬಾಗಿಲಲ್ಲಿ ಥರ್ಮೋಸ್ಟಾಟ್ ಎಂಬ ಕಾವಲುಗಾರನೊಬ್ಬನಿದ್ದಾನೆ. ಎಂಜಿನು ತಣ್ಣಗಿರುವಾಗ ಬಾಗಿಲನ್ನು ಮುಚ್ಚಿ, ತಕ್ಕಷ್ಟು ಬೆಚ್ಚಗಾದಾಗ ತೆರೆಯುವುದು ಅವನ ಕೆಲಸ. ಅನೇಕ ಔಟ್‌ಬೋರ್ಡುಗಳಲ್ಲಿ ಅದು 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಉಪ್ಪು ಹತ್ತಿ ಅದು ಮುಚ್ಚಿದಂತೆಯೇ ಕಚ್ಚಿಕೊಂಡರೆ ಎಂಜಿನು ಕಾಯುತ್ತದೆ. ಪರೀಕ್ಷೆಗೆ ಅಡುಗೆಯ ಮನೆಯೇ ಸಾಕು: ಅದನ್ನು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿಳಿಸಿ ಒಲೆಯ ಮೇಲಿಟ್ಟು, ನೀರು ಕುದಿಯುವ ಮೊದಲೇ ಬಾಯಿ ತೆರೆಯುತ್ತದೆಯೇ ಎಂದು ನೋಡುವುದು. ತೆರೆಯದಿದ್ದರೆ ಬದಲಾಯಿಸುವುದು. ಅದನ್ನು ಕಿತ್ತೊಗೆದು ಬರಿದೆ ಓಡಿಸುವವರೂ ಉಂಟು. ಆಗ ಎಂಜಿನು ಅತಿಶೀತದಲ್ಲಿ ಓಡಿ ಎಣ್ಣೆ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ. ಜ್ವರ ಹೋಗಿ ನೆಗಡಿ ಬಂದಂತಾಯಿತು.

ನೀರಿನದೇನೂ ತಪ್ಪಿಲ್ಲದೆ ಬರುವ ಜ್ವರವೂ ಇದೆ. ಎರಡು ಸ್ಟ್ರೋಕಿನ ಎಂಜಿನು ಇಂಧನದಲ್ಲಿ ಬೆರೆಸಿದ ಆಯಿಲಿನಿಂದಲೇ ತನ್ನ ಮೈಯನ್ನು ನುಣುಪಾಗಿಟ್ಟುಕೊಳ್ಳುತ್ತದೆ. ಪೆಟ್ರೋಲಿಗೆ 50 ಲೀಟರಿಗೊಂದು ಲೀಟರು ಎಂಬ ಪ್ರಮಾಣ ರೂಢಿಯಲ್ಲಿದೆ. ಚಿಮಿಣಿ ಎಣ್ಣೆಯಿಂದ ಓಡುವ ಎಂಜಿನಿಗೆ ಅದರ ಕೈಪಿಡಿ ಹೇಳಿದ ಪ್ರಮಾಣವನ್ನೇ ಅನುಸರಿಸಬೇಕು. ಉಳಿತಾಯಕ್ಕೆಂದು ಆಯಿಲನ್ನು ಕಡಮೆ ಮಾಡಿದರೆ ಉಳಿದ ಹಣ ಸಿಲಿಂಡರಿನ ರಿಪೇರಿಗೂ ಸಾಲದು. ಚಿಮಿಣಿ ಎಣ್ಣೆಯ ಎಂಜಿನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬೆಚ್ಚಗಾದ ಮೇಲೆಯೇ ಚಿಮಿಣಿ ಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರುವುದು ಕ್ರಮ. ಅವಸರ ಮಾಡಿದರೆ ಉರಿ ಕೆಟ್ಟು ಎಂಜಿನು ಬಡಿದುಕೊಳ್ಳುತ್ತದೆ. ಫ್ಯಾನಿನ ಬುಡಕ್ಕೆ ಬಲೆಯ ದಾರ ಸುತ್ತಿಕೊಂಡಿದ್ದರೂ, ಮಿತಿಮೀರಿ ಭಾರ ಹೇರಿದ್ದರೂ ಎಂಜಿನು ಬೆವರುತ್ತದೆ.

ಅಳಿವೆಯ ಬಾಯಲ್ಲಿ

ದಡದ ಮೇಲಿನ ನಿದಾನಕ್ಕೆ ಕಾಲಾವಕಾಶವುಂಟು. ಕಡಲಿನ ಮೇಲೆ ಇಲ್ಲ. ಧಾರೆ ತೆಳುವಾಗಿ ಬರುತ್ತಿದ್ದರೆ ಮೊದಲು ವೇಗವನ್ನು ತಗ್ಗಿಸಬೇಕು. ಬರುವಷ್ಟು ನೀರೇ ಎಂಜಿನನ್ನು ಮೆಲ್ಲಗೆ ತಂಪು ಮಾಡೀತು. ಧಾರೆ ಪೂರ್ತಿಯಾಗಿ ನಿಂತಿದ್ದರೆ ಎಂಜಿನನ್ನೂ ನಿಲ್ಲಿಸಬೇಕು. ನಿಲ್ಲಿಸಿದೊಡನೆ ಎಂಜಿನಿಗಿಂತ ಮೊದಲು ದೋಣಿಯ ಕಡೆ ನೋಡಬೇಕು: ಲಂಗರು ಬಿಟ್ಟೋ ಹುಟ್ಟು ಹಾಕಿಯೋ ದೋಣಿಯ ಮೂತಿ ಅಲೆಗೆ ಎದುರಾಗಿರುವಂತೆ ಹಿಡಿದುಕೊಳ್ಳಬೇಕು. ಅಡ್ಡಬಿದ್ದ ದೋಣಿಯನ್ನು ಅಲೆ ಕ್ಷಮಿಸದು. ಆ ಮೇಲೆ ಜಾಲರಿಯ ಶೋಧ. ಕಾದ ಎಂಜಿನಿನ ತಲೆಗೆ ತಣ್ಣೀರನ್ನು ಎರಚುವುದು ದೊಡ್ಡ ತಪ್ಪು. ಕಾದ ಕಾವಲಿಯ ಮೇಲೆ ನೀರು ಬಿದ್ದಂತಾಗಿ ಲೋಹ ಬಿರಿಯಬಹುದು. ತಾನಾಗಿ ಆರಲು ಬಿಟ್ಟು, ಹಗ್ಗ ಸಲೀಸಾಗಿ ಎಳೆಯಲು ಬಂದರೆ ಮಾತ್ರ ಮತ್ತೆ ಚಾಲೂ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಅಳಿವೆಯೊಳಗೆ ನುಗ್ಗುವ ಮೊದಲು ಹೊರಗೆಯೇ ಒಮ್ಮೆ ಧಾರೆಯನ್ನು ನೋಡುವುದು. ಅಳಿವೆಯ ಬಾಯಲ್ಲಿ ಹೊಳೆಯ ಸೆಳೆತವೂ ಕಡಲಿನ ಅಲೆಯೂ ಡಿಕ್ಕಿಹೊಡೆಯುತ್ತವೆ. ಮರಳಿನ ದಿಬ್ಬಗಳು ತಮ್ಮ ಜಾಗವನ್ನು ಬದಲಾಯಿಸುತ್ತಿರುತ್ತವೆ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯಾಗಲಿ, ಕೋಡಿಬೆಂಗ್ರೆಯಾಗಲಿ, ಈ ನಿಯಮಕ್ಕೆ ಹೊರತಲ್ಲ. 2020ರ ಆಗಸ್ಟ್ ತಿಂಗಳಲ್ಲಿ ಕಿರಿಮಂಜೇಶ್ವರದ ಕೊಡೇರಿಯಲ್ಲಿ ನಾಡದೋಣಿಯೊಂದು ಮಗುಚಿ ನಾಲ್ವರು ಮೀನುಗಾರರು ಅಸುನೀಗಿದರು. ಮುನಿದ ಕಡಲು ಎಂತಹುದೆಂಬುದಕ್ಕೆ ಈ ದುರಂತವನ್ನು ನೆನೆದೆನೇ ಹೊರತು ಎಂಜಿನಿನ ದೋಷಕ್ಕೆ ನಿದರ್ಶನವಾಗಿ ಅಲ್ಲ. ಎಂಜಿನು ನೆಟ್ಟಗಿದ್ದರೂ ಕಠಿನವಾದ ಆ ದಾರಿಯಲ್ಲಿ ಎಂಜಿನೂ ಕೈಕೊಟ್ಟರೆ ಮನುಷ್ಯನಿಗೆ ಉಳಿಯುವುದು ಹುಟ್ಟು ಮತ್ತು ತೋಳು. ಆದುದರಿಂದಲೇ, ಯಂತ್ರ ಬಂದ ಮೇಲೂ ಹುಟ್ಟನ್ನು ದೋಣಿಯಿಂದ ಇಳಿಸಬಾರದೆಂಬ ಹಿರಿಯರ ಮಾತಿಗೆ ಬೆಲೆಯಿದೆ.

ಈ ವಿಷಯಗಳಲ್ಲಿ ಗುಟ್ಟಿನದು ಯಾವುದೂ ಇಲ್ಲ. ಎಂಜಿನಿನೊಡನೆ ಬರುವ ಕೈಪಿಡಿಯಲ್ಲಿ ಇವೆಲ್ಲ ಅಚ್ಚಾಗಿರುತ್ತವೆ. ಆದರೆ ಆ ಕೈಪಿಡಿಯ ಭಾಷೆ ಹೆಚ್ಚಾಗಿ ಇಂಗ್ಲಿಷು. ಅದನ್ನು ಓದಬಲ್ಲ ಮಗ ಕಾಲೇಜಿನಲ್ಲಿರುತ್ತಾನೆ, ಎಂಜಿನನ್ನು ನಡೆಸುವ ತಂದೆ ಕಡಲಿನಲ್ಲಿರುತ್ತಾನೆ. ಕೋಟದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದು, ಕನ್ನಡದಲ್ಲಿ ಹೇಳಲಾಗದ ಶಾಸ್ತ್ರವಿಲ್ಲವೆಂದು ಇದೇ ನೆಲದಿಂದ ತೋರಿಸಿಕೊಟ್ಟರು. ಇಂಪೆಲ್ಲರಿಗೂ ಥರ್ಮೋಸ್ಟಾಟಿಗೂ ಸಂಸ್ಕೃತದ ಹೊಸ ಹೆಸರುಗಳನ್ನು ಕಟ್ಟಲು ನಾವು ತಿಣುಕಬೇಕಾದುದಿಲ್ಲ. ಗಂಗೊಳ್ಳಿಯ ಖಾರ್ವಿಯೂ ಮರವಂತೆ, ಉಪ್ಪುಂದಗಳ ಮೊಗವೀರನೂ ಆ ಹೆಸರುಗಳನ್ನು ಆಗಲೇ ತಮ್ಮದಾಗಿ ಮಾಡಿಕೊಂಡಿದ್ದಾರೆ. ಕೊರತೆಯಿರುವುದು ವಾಕ್ಯಗಳದು: ಹೀಗಾದರೆ ಇದನ್ನು ನೋಡು, ಇದಾದ ಮೇಲೆ ಅದನ್ನು ಮಾಡು, ಇದನ್ನು ಮಾಡಬೇಡ ಎಂದು ನೇರವಾಗಿ ಹೇಳುವ ಹತ್ತು ಹದಿನೈದು ಕನ್ನಡ ವಾಕ್ಯಗಳು.

ಪ್ರಬಂಧ ಬರೆಯಲು ವಿಷಯ ಕೊಡಿರೆಂದು ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳುವುದುಂಟು. ಕಡಲೂರಿನ ಕಾಲೇಜುಗಳ ಅಧ್ಯಾಪಕರು ಈ ವಿಷಯವನ್ನು ಕೊಡಲಿ. ಮನೆಯ ಎಂಜಿನಿನ ಕೈಪಿಡಿಯಿಂದ ಒಂದು ಪುಟವನ್ನು ಕನ್ನಡಿಸಿ, ತಂದೆಗೆ ಓದಿ ಹೇಳಿ, ಅವರು ತಿದ್ದಿದಂತೆ ತಿದ್ದಿ ತರಲಿ. ಭಾಷೆ ಸ್ಪಷ್ಟವಾಗಿದೆಯೇ ಎಂಬುದರ ಪರೀಕ್ಷೆ ಅಲ್ಲಿಯೇ ನಡೆದುಹೋಗುತ್ತದೆ. ಅಂಕಗಳನ್ನು ಕೊಡುವವರು ತಂದೆಯರೇ ಆಗುತ್ತಾರೆ. ಆ ಪುಟವನ್ನು ನೀರು ತಾಗದ ಹಾಳೆಯಲ್ಲಿ ಮಡಿಸಿ ದೋಣಿಯೊಳಗೆ ಇಟ್ಟುಕೊಂಡರೆ, ಮುಂದಿನ ಜೂನಿನಲ್ಲಿ ಹೊಳೆ ಕೆಂಪಾಗಿ ಅಳಿವೆಗೆ ಬಂದಾಗ ಅದು ಕೆಲಸಕ್ಕೆ ಬರುತ್ತದೆ.